ತಟ್ಟೆಯಂಚಿನ ಉಪ್ಪು

ನಮ್ಮೂರಲ್ಲಿ ಅರೆಹೊಟ್ಟೆಯಲ್ಲಿ ಊಟ ಬಿಟ್ಟು ಏಳುವುದು ಬೈಗುಳಕ್ಕಿಂತ ಕೆಟ್ಟದ್ದು. ಉಂಡವರಲ್ಲಿ ಉಳಿದ ಹಸಿವು ಬಡಿಸಿದವರ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಇಲ್ಲಿ ಗಂಡ ಹೆಂಡತಿ ಜಗಳವಾಡುವುದಿದ್ದರೆ ಉಂಡು ಕೈ ತೊಳೆದ ಮೇಲೆಯೇ ಆಡುತ್ತಾರೆ. ಎಷ್ಟು ಜನ ಬಡಿಸಿದರೂ ಎಲೆಗೆ ಮೊದಲು ಹಾಕಿದ ಕೈಗೇ ಆ ಹಸಿವು ಸೇರುವುದರಿಂದ, ಮದುವೆ ಮನೆಯಲ್ಲಿ ಮೊದಲ ಪಲ್ಯ ಹಿಡಿದು ಹೊರಡುವವನಿಗೆ ಮುಂಚೆಯೇ ಹೊಟ್ಟೆ ತುಂಬ ಹಾಕಿರುತ್ತಾರೆ. ಆದರೂ ಸಂಕೋಚದ ಬೀಗರ ಸಾಲು ಸಿಕ್ಕಿದವನು ಪಂಕ್ತಿ ಏಳುವ ಹೊತ್ತಿಗೆ ಚಪ್ಪರದ ಕಂಬ ಹಿಡಿದು ನಿಂತಿರುತ್ತಾನೆ. ಉಪವಾಸ, ಒಪ್ಪತ್ತು ಇರುವವರು ತಮ್ಮ ತಟ್ಟೆಗೆ ತಾವೇ ಬಡಿಸಿಕೊಳ್ಳುತ್ತಾರೆ. ಆಗ ಅವರ ಹಸಿವು ಅವರದ್ದೇ ಆಗಿ ಉಳಿಯುತ್ತದೆ, ಪುಣ್ಯವೂ ಅವರದ್ದೇ.

ಗರಡಿ ಮನೆಯಲ್ಲೂ ಇದೇ ನಿಯಮ, ಇನ್ನಷ್ಟು ಬಿಗಿ. ಜೋಡಿ ಕಟ್ಟಿದ ಮೇಲೆ ತೂಕ ಇಳಿಸಬೇಕಾದ ಪೈಲ್ವಾನ ತನ್ನ ತಟ್ಟೆಗೆ ತಾನೇ ಬಡಿಸಿಕೊಂಡು ತನ್ನ ಹಸಿವನ್ನು ತಾನೇ ಹೊತ್ತು ಅಖಾಡಕ್ಕೆ ಇಳಿಯಬೇಕು. ಬೇರೆಯವರ ಹೊಟ್ಟೆಗೆ ಹಸಿವು ದಾಟಿಸಿ ಗೆದ್ದವನನ್ನು ನಮ್ಮೂರಲ್ಲಿ ಎರವಲು ಪೈಲ್ವಾನ ಎನ್ನುತ್ತಾರೆ. ಅಂಥವನು ಮತ್ತೆ ಕೆಮ್ಮಣ್ಣು ಮುಟ್ಟಿದ್ದನ್ನು ನಾನು ಕೇಳಿಲ್ಲ.

ಎಂ.ಎ. ಓದಲು ದೊಡ್ಡ ಊರಿಗೆ ಹೋದಾಗ ನನಗೆ ಮೊದಲು ಹಿಡಿಸಿದ್ದು ಅಲ್ಲಿನ ಹಸಿವು. ಅಲ್ಲಿ ಅವರವರ ಹಸಿವು ಅವರವರದ್ದು. ಹಾಸ್ಟೆಲ್ಲಿನಲ್ಲಿ ಅರ್ಧ ತಟ್ಟೆ ಬಿಟ್ಟು ಎದ್ದರೂ ಬಡಿಸಿದ ಹುಡುಗ ಸಿಳ್ಳೆ ಹಾಕುತ್ತಾ ಪಾತ್ರೆ ಎತ್ತುತ್ತಿದ್ದ. ಯಾರೂ ಯಾರನ್ನೂ ಇನ್ನಷ್ಟು ಉಣ್ಣು ಎಂದು ಒತ್ತಾಯಿಸುತ್ತಿರಲಿಲ್ಲ. ಆ ಮೌನ ನನಗೆ ಬೇಕಾಗಿತ್ತು. ನನ್ನ ಕೋಣೆಯಲ್ಲಿದ್ದ ದಾನಪ್ಪ ದೂರದ ಓಟಗಾರ. ಬೆಳಗ್ಗೆ ಓಡಲು ಹೋದರೆ ಬಿಸಿಲೇರಿದ ಮೇಲೆ ಬರುತ್ತಿದ್ದ. ಅನ್ನ, ಚಪಾತಿ, ಸಕ್ಕರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮೊಟ್ಟೆ, ಸೊಪ್ಪು, ಕಡಲೆಕಾಯಿ, ಕೊಬ್ಬರಿ, ಸಿಕ್ಕಿದ ದಿನ ಮಾಂಸ, ಬೆಣ್ಣೆ ತೆಗೆಯದ ಮೊಸರು, ಇಷ್ಟೇ. "ಮೈಯಾಗಿನ ಕೊಬ್ಬು ಅಂದ್ರ ದೊಡ್ಡ ಕಣಜ ಐತಿ," ಎನ್ನುತ್ತಿದ್ದ. "ದಿನಾ ಅನ್ನಾ ತಿಂದ್ರ ಮೈ ಆ ಕಣಜದ ಬಾಗಲಾನ ತಗಿಯೂದಿಲ್ಲ. ಅನ್ನಾ ಬಿಡು, ಮೊದಲ ಒಂದಿಷ್ಟು ವಾರ ಹಸಿವು ನಿನ್ನ ಕೊಂದು ಹಾಕ್ತದ. ತಡ್ಕೋಬೇಕು. ಆಮ್ಯಾಲೆ ತಾನ ಸುಮ್ಮನಾಗ್ತದ. ಆವಾಗ ಓಡು, ದಮ್ಮ ಹತ್ತೂದಿಲ್ಲ." ಅವನು ಹೇಳಿದಂತೆಯೇ ಓಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಆ ಹಸಿವನ್ನು ನಾನೇ ತಡೆದುಕೊಂಡು ನೋಡಿರಲಿಲ್ಲ.

ಓದು ಮುಗಿಸಿ ಊರಿಗೆ ಬಂದೆ. ನನ್ನ ಓದಿಗೆ ಇಲ್ಲಿ ಕೆಲಸವಿರಲಿಲ್ಲ. ಮನೆಯಲ್ಲಿ ನಾನು ಮತ್ತು ತಂಗಿ ದೇವೀರಿ ಇಬ್ಬರೇ. ನಸುಕಿನಲ್ಲಿ ಅವಳು ಹಾಲಿನ ಡೇರಿಗೆ ಹೋಗಿ ಕ್ಯಾನು ಎತ್ತುತ್ತಾಳೆ, ಅಲ್ಲಿಂದ ನೇರ ಗರಡಿಗೆ. ಅವಳ ಸಂಬಳದಲ್ಲಿ ಮನೆ ನಡೆಯುತ್ತದೆ. ಅಡುಗೆ ನನ್ನದು. ಅಡುಗೆ ಮಾಡುವುದರಲ್ಲಿ ನನಗೆ ನಾಚಿಕೆಯಿರಲಿಲ್ಲ. ಅವಳು ತಂದ ಸಾಮಾನಿನಲ್ಲಿ ಅಡುಗೆ ಮಾಡಿ ಅವಳಿಗೇ ಉಪದೇಶ ಹೇಳುತ್ತಿದ್ದೆನಲ್ಲ, ನಾಚಿಕೆ ಅದರದ್ದು.

ದೇವೀರಿ ಹೋದ ವರ್ಷ ಹೆಂಚಿನ ಕಾರ್ಖಾನೆಯ ಗರಡಿಯ ಜಬೀನಳ ಎದುರು ಸೋತಿದ್ದಳು. ಮೊದಲರ್ಧ ದೇವೀರಿಯದ್ದೇ. ಆಮೇಲೆ ಉಸಿರು ಕಟ್ಟಿ, ಕಾಲು ಭಾರವಾಗಿ, ಹಿಡಿದ ಪಟ್ಟು ತಾನಾಗಿ ಸಡಿಲವಾಗಿ ಚಿತ್ತಾದಳು. ಈ ವರ್ಷ ಮತ್ತೆ ಅದೇ ಜೋಡಿ. ಆದರೆ ದೇವೀರಿ ಈಗ ಜಬೀನಳಿಗಿಂತ ಹೆಚ್ಚು ತೂಕ. ಜೋಡಿಗೆ ಗೊತ್ತು ಮಾಡಿದ ತೂಕಕ್ಕೆ ಇಬ್ಬರೂ ಇಳಿಯಬೇಕಿತ್ತು. ನಮ್ಮ ಗರಡಿಯ ಉಸ್ತಾದ್ ಕಾಳಪ್ಪನವರು ಎಲ್ಲರ ಮುಂದೆ ಒಂದು ಮಾತು ಹೇಳಿದ್ದರು: "ಈ ಸಲ ಗೆದ್ದು ಗದೆ ತಂದ್ರೆ ಹುಡ್ಗೀರ ಸಾಮು ಶುರು ಮಾಡೋಣ. ಬೆಳಿಗ್ಗೆ ಹೊತ್ತು ಗರಡಿ ಅವ್ರದ್ದೇ. ಕಲ್ಸೋಳು ನೀನೇ." ಅಂದು ಮನೆಗೆ ಬಂದ ದೇವೀರಿ ಅಂಗಳ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಅವಳಿಗೆ ಅದೆಷ್ಟು ಬೇಕಾಗಿದೆ ಎಂಬುದು ನನಗೆ ಆಗ ಗೊತ್ತಾಯಿತು.

ಮರುದಿನ ಗರಡಿಗೆ ಹೋಗಿ ದಾನಪ್ಪನ ಊಟವನ್ನು ವಿವರಿಸಿದೆ. ಮುದ್ದೆ ಬೇಡ, ಅನ್ನ ಬೇಡ, ಬೆಲ್ಲದ ಹಾಲು ಬೇಡ. ಕಾರ್ಖಾನೆಯಲ್ಲಿ ಮಾಡಿದ ಯಾವ ತಿಂಡಿಯೂ ಬೇಡ. ಮೊಟ್ಟೆ, ನಾಟಿ ಕೋಳಿ, ಕಾಲು ಸೂಪು, ದಂಟಿನ ಸೊಪ್ಪು, ಹೀರೇಕಾಯಿ, ತುಪ್ಪ, ಬಾದಾಮಿ, ತೆಂಗಿನಕಾಯಿ. ಉಸ್ತಾದರು ಕೇಳಿಸಿಕೊಂಡು ಮಣ್ಣಿಗೆ ಎಣ್ಣೆ ಹೊಯ್ಯುವುದನ್ನು ನಿಲ್ಲಿಸಿದರು.

"ಏನಪ್ಪಾ ಎಂ.ಎ., ಮುದ್ದೆ ಬಿಡ್ಸಿ ಸೊಪ್ಪು ಹಾಕಿದ್ರೆ ಅವ್ಳು ಕುಸ್ತಿ ಆಡ್ತಾಳಾ, ಹಸು ಥರ ಹಾಲು ಕೊಡ್ತಾಳಾ?"

ಬಸ್ಕಿ ಹೊಡೆಯುತ್ತಿದ್ದವರೆಲ್ಲ ನಕ್ಕರು. ಕುಳ್ಳಗಿನ ರಾಚಪ್ಪ ಮೇಕೆಯಂತೆ ಕೂಗಿದ. ನನ್ನ ಕಿವಿ ಬಿಸಿಯಾಯಿತು. ದೇವೀರಿ ಮಾತ್ರ ನಗಲಿಲ್ಲ.

"ನಾನು ಮಾಡ್ತೀನಿ ಉಸ್ತಾದ್ರೇ. ನಮ್ಮಣ್ಣ ಸುಮ್‌ಸುಮ್ನೆ ಹೇಳೋನಲ್ಲ."

"ಮಾಡವ್ವ, ಬ್ಯಾಡ ಅಂದೋರ್ಯಾರು. ನಿಯಮ ಗೊತ್ತಲ್ಲ? ತಟ್ಟೆನೂ ನಿಂದೇ, ಸೌಟೂ ನಿಂದೇ."

"ಗೊತ್ತು."

ಅವಳು ನನ್ನನ್ನು ನಂಬಿ ಆ ಮಾತಾಡಿದ್ದಳು. ನನಗೆ ಆ ಹೊತ್ತಿನಲ್ಲಿ ಅವಳ ಗೆಲುವಿಗಿಂತ ನನ್ನ ಮಾತಿನ ಗೆಲುವು ದೊಡ್ಡದಾಗಿತ್ತು. ಅದು ಆಗಲೇ ಗೊತ್ತಾಗಿತ್ತೆಂದು ಹೇಳಿದರೆ ಸುಳ್ಳಾದೀತು, ಗೊತ್ತಿರಲಿಲ್ಲವೆಂದರೂ ಸುಳ್ಳೇ.

ಮೊದಲ ಕೆಲವು ದಿನ ದಾನಪ್ಪ ಹೇಳಿದ್ದಕ್ಕಿಂತ ಕಷ್ಟವಾಯಿತು. ನಾನು ಅಡುಗೆ ಮಾಡಿ ಒಲೆಯ ಬಳಿ ಇಡುತ್ತಿದ್ದೆ. ಅವಳು ಬಂದು ತಾನೇ ಬಡಿಸಿಕೊಂಡು ಉಣ್ಣುತ್ತಿದ್ದಳು. ತಟ್ಟೆ ತುಂಬ ಮೊಟ್ಟೆ, ಸೊಪ್ಪು, ಮಾಂಸ ಇರುತ್ತಿತ್ತು, ಆದರೂ ಎದ್ದ ಮೇಲೆ ಹಸಿವು ಇದ್ದೇ ಇರುತ್ತಿತ್ತು. ಪಕ್ಕದ ಮನೆಯಲ್ಲಿ ರಾಗಿ ಹಿಟ್ಟು ತೊಳಸುವ ಸದ್ದು ಕೇಳಿದರೆ ಬಾಗಿಲು ಹಾಕಿಬಿಡುತ್ತಿದ್ದಳು. ತಲೆ ಸಿಡಿತ, ಕೈಕಾಲು ಸೋಲು. ಗರಡಿಯಲ್ಲಿ ತನಗಿಂತ ಚಿಕ್ಕವನೊಬ್ಬ ಅವಳನ್ನು ಎತ್ತಿ ಒಗೆದ. ಅವಳು ಎದ್ದು ಮಣ್ಣು ಕೊಡವಿಕೊಳ್ಳುವಾಗ ಯಾರೋ, "ಎಂ.ಎ. ಊಟ ಕಣ್ರೋ," ಎಂದರು. ನಾನು ಗೋಡೆಯ ಪಕ್ಕ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ನನಗೆ ನೋವಾಗಬಾರದೆಂದು ನೋಡಲಿಲ್ಲ.

ಅಂದು ದಾನಪ್ಪ ಹೇಳಿದ್ದ ಒಂದು ವಿಷಯ ನೆನಪಾಯಿತು. ಅನ್ನ ಬಿಟ್ಟವರ ಮೈಯಿಂದ ಉಪ್ಪು ಬೇಗ ಹೊರಗೆ ಹೋಗುತ್ತದೆ, ಉಪ್ಪು ಹೆಚ್ಚಿಗೆ ತಿನ್ನಬೇಕು, ಇಲ್ಲದಿದ್ದರೆ ತಲೆ ಎತ್ತಲಾಗುವುದಿಲ್ಲ. ಅದನ್ನು ನಾನು ಮರೆತೇಬಿಟ್ಟಿದ್ದೆ. ಮರುದಿನ ಅವಳು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಅವಳ ಖಾಲಿ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಕಲ್ಲುಪ್ಪು ಇಟ್ಟೆ. ಬಂದಳು, ನೋಡಿದಳು.

"ಏನಿದು?"

"ಉಪ್ಪು ಜಾಸ್ತಿ ತಿನ್ಬೇಕು. ತಲೆನೋವು ಹೋಗುತ್ತೆ."

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ," ಎಂದು ನಕ್ಕು, ತಾನೇ ಬಡಿಸಿಕೊಂಡು ಉಂಡಳು.

ಉಪ್ಪಿನ ಬಗ್ಗೆ ನಮ್ಮೂರಲ್ಲಿ ಎರಡು ಮಾತಿದೆ. ಉಪ್ಪು ಊಟವಲ್ಲ, ಅದನ್ನು ಹಾಕಿದರೆ ಬಡಿಸಿದಂತಲ್ಲ ಎನ್ನುವವರೇ ಹೆಚ್ಚು. ಆದರೂ ಪಂಕ್ತಿಯಲ್ಲಿ ಉಪ್ಪನ್ನು ಬಟ್ಟಲಲ್ಲಿಟ್ಟು ದಾಟಿಸುತ್ತಾರೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ.

ಅಂದು ಮಧ್ಯಾಹ್ನ ಚೆನ್ನಾಗಿ ಉಂಡು ಜಗಲಿಯಲ್ಲಿ ಕೂತಿದ್ದೆ. ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ಏನೋ ಎದ್ದು ನಿಂತಿತು. ಅದು ನನ್ನ ಹಸಿವಲ್ಲ. ನನ್ನ ಹಸಿವು ಸಂಕೋಚದ್ದು, ಕೇಳಿ ಕೇಳಿ ಬರುವಂಥದ್ದು. ಇದಕ್ಕೆ ಭುಜಗಳಿದ್ದವು, ತೊಡೆಗಳಿದ್ದವು. ಇದಕ್ಕೆ ಬಿಸಿ ರಾಗಿಯೇ ಬೇಕಿತ್ತು. ನಾನು ಕಂಬಕ್ಕೆ ಒರಗಿಕೊಂಡೆ. ಬಡಿಸಿದಂತಾಗಲು ಒಂದು ಚಿಟಿಕೆ ಉಪ್ಪು ಸಾಕು ಎಂಬುದು ನನಗೆ ಹಾಗೆ ತಿಳಿಯಿತು.

ಸಂಜೆ ದೇವೀರಿ ಗರಡಿಯಿಂದ ಓಡುತ್ತಾ ಬಂದಳು.

"ಅಣ್ಣಾ, ಹಸಿವೇ ಇಲ್ಲ ಕಣಣ್ಣ! ಮೈ ಹಗುರ, ತಲೆ ಹಗುರ. ಆವತ್ತು ಎತ್ತಿ ಒಗ್ದಿದ್ನಲ್ಲ, ಅವ್ನನ್ನ ಇವತ್ತು ಮೂರ್ ಸಲ ಚಿತ್ ಮಾಡ್ದೆ. ಉಸ್ತಾದ್ರು ನಿನ್ನೇ ಕೇಳ್ತಿದ್ರು. ಎಂ.ಎ. ಏನಂದ್ರೂ ಎಂ.ಎ.ನೇ ಅಂದ್ರು."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವಳ ಮುಖ ನೋಡಿದೆ. ಉಪ್ಪು ತಲೆನೋವಿಗೆ ಒಳ್ಳೆಯದೇ, ತಲೆನೋವು ಹೋಗುವವರೆಗೆ ಮಾತ್ರ ಎಂದುಕೊಂಡೆ. ಮರುದಿನವೂ ಇಟ್ಟೆ. ಅದರ ಮರುದಿನ ಇಡುವಾಗ ಯೋಚಿಸಲೂ ಇಲ್ಲ. ಕೆಲವು ಮೌನಗಳು ಒಳ್ಳೆಯವೆಂದು ನಾನು ಬಹಳ ಕಾಲದಿಂದ ನಂಬಿದ್ದೆ. ಇದನ್ನೂ ಆ ಸಾಲಿಗೆ ಸೇರಿಸಿದೆ.

ಹಸಿವನ್ನು ಹೊತ್ತುಕೊಂಡೆನೇ ಹೊರತು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ. ಅವಳು ಡೇರಿಗೆ ಹೋದ ಮೇಲೆ ಸಂತೆಬೀದಿಯ ಆಚೆ ಇರುವ ಜಯಕ್ಕನ ಮೆಸ್ಸಿಗೆ ಹೋಗಿ ಮುದ್ದೆ ಉಣ್ಣುತ್ತಿದ್ದೆ. ನಮ್ಮೂರಿನ ಮೆಸ್ಸುಗಳಲ್ಲಿ ಪಾತ್ರೆ ಮುಂದಿಟ್ಟು ನೀವೇ ಹಾಕಿಕೊಳ್ಳಿ ಎನ್ನುವುದೇ ವಾಡಿಕೆ. ಜಯಕ್ಕ ಮಾತ್ರ ತನ್ನ ಕೈಯಿಂದಲೇ ಬಡಿಸುತ್ತಾಳೆ, ಅದಕ್ಕೇ ಅಲ್ಲಿ ಜನ. ಮೊದಲ ದಿನ ಎರಡು ಮುದ್ದೆಗೆ ನಾಚಿಕೆಯಾಗಿ ಸಾಕೆಂದು ಕೈ ಅಡ್ಡ ಹಿಡಿದೆ. ಅವಳು ಮುಂದಿನ ಎಲೆಗೆ ಹೋದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏಯ್, ಯಾರಿಗ್ ಸಾಕು ಅಂದೆ ನೀನು?"

"ನನಗೆ ಜಯಕ್ಕ."

"ನಿಂಗೇನೋ ಸಾಕು, ನನ್ ಗತಿ? ಇನ್ನೂ ಅಷ್ಟ್ ಜನಕ್ಕೆ ಬಡಿಸೋದೈತೆ. ತಿನ್ನು," ಎಂದು ಮತ್ತೊಂದು ಮುದ್ದೆ ಹಾಕಿದಳು. ಆಮೇಲೆ ದನಿ ತಗ್ಗಿಸಿ, "ಇದು ಓದ್ಕೊಂಡ್ ಕೂತಿರೋರ ಹಸಿವಲ್ವಲ್ಲೋ. ಸಾಮು ಮಾಡಿದ್ ಮೈದು," ಎಂದಳು.

ನಾನು ತಲೆ ತಗ್ಗಿಸಿ ಸಾರಿಗೆ ಮುದ್ದೆ ಅದ್ದಿದೆ. ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ನಾನು ಕೂತ ಕೂಡಲೇ ಕೇಳದೆ ಮೂರು ಮುದ್ದೆ ಇಡುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ.

ದೇವೀರಿ ಇಳಿಯುತ್ತಾ ಹೋದಳು. ವಾರಕ್ಕೊಮ್ಮೆ ಬೆಲ್ಲದ ಮಂಡಿಯ ತಕ್ಕಡಿಯಲ್ಲಿ ಅವಳನ್ನು ತೂಗುತ್ತಿದ್ದರು. ಕೆನ್ನೆ ಚೂಪಾಯಿತು, ಉಸಿರು ಉದ್ದವಾಯಿತು. ಕಾಲುವೆ ದಂಡೆಯ ಮೇಲೆ ಓಡಲು ಹೋದರೆ ಜೊತೆಯವರೆಲ್ಲ ಕೂತ ಮೇಲೂ ಓಡುತ್ತಿದ್ದಳು. ನಾನು ಉಬ್ಬಿದೆ. ಅಂಗಿಯ ಗುಂಡಿ ಹಾಕಲಾಗದೆ ಲುಂಗಿಯ ಮೇಲೆ ಟವೆಲ್ ಹೊದ್ದು ತಿರುಗತೊಡಗಿದೆ. ಅವಳು ನನ್ನ ಹೊಟ್ಟೆ ಚಿವುಟಿ, "ನಾನ್ ಇಳ್ಸಿದ್ನೆಲ್ಲ ನೀನೇ ಏರಿಸ್ಕೋತಿದೀಯಲ್ಲೋ ಅಣ್ಣ. ಊರಿಗೆಲ್ಲ ಸೊಪ್ಪು, ನಿಂಗೆ ಮಾತ್ರ ಮುದ್ದೆನಾ?" ಎಂದು ಛೇಡಿಸಿದಳು. ನಾನು ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಕೂತಲ್ಲಿಂದ ಎದ್ದು ನಡೆಯಬೇಕೆನಿಸುತ್ತದೆ.

ಅವಳನ್ನು ನೋಡಿ ಗರಡಿಯ ಇತರರೂ ಮುದ್ದೆ ಬಿಟ್ಟರು. ತಾವೇ ಬಡಿಸಿಕೊಂಡು ತಾವೇ ನರಳಿದರು. ಹೆಚ್ಚಿನವರು ವಾರದೊಳಗೆ ಬಿಟ್ಟು, ನಿಮ್ಮ ತಂಗಿಯದ್ದು ಯಾವ ಹೊಟ್ಟೆ ಎಂದು ಕೇಳಿದರು. ಮೇಕೆಯಂತೆ ಕೂಗಿದ್ದ ರಾಚಪ್ಪ ಮಾತ್ರ ಹಲ್ಲು ಕಚ್ಚಿ ಹಿಡಿದ. ಒಂದು ದಿನ ದಾರಿಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದ.

"ಎಂ.ಎ. ಅವ್ರೇ, ತಪ್ಪಾಯ್ತು, ಅವತ್ತು ಆಡ್ಕೊಂಡೆ. ಮೊದ್ಲು ನರಕ ತೋರಿಸ್ಬಿಡ್ತು. ರಾತ್ರಿಯೆಲ್ಲ ನಮ್ಮವ್ವನ್ನ ಬೈದಿದೀನಿ. ಈಗ ನೋಡಿ, ತಾನೇ ಮಲಗ್ಬಿಟ್ಟಿದೆ ಹಸಿವು. ಕೂಗಿದ್ರೂ ಏಳಲ್ಲ."

ದಾನಪ್ಪನ ಮಾತು ನಿಜವಾಗಿತ್ತು. ಹಸಿವು ತಾನೇ ಸುಮ್ಮನಾಗುತ್ತಿತ್ತು, ತಡೆದುಕೊಂಡವರಿಗೆ. ದೇವೀರಿಯದ್ದೂ ಇಷ್ಟು ಹೊತ್ತಿಗೆ ಸುಮ್ಮನಾಗಿರಬೇಕಿತ್ತು. ಆದರೆ ಅದು ಅವಳ ಬಳಿ ಇರಲಿಲ್ಲ. ನಾನು ಅದನ್ನು ದಿನಾ ಜಯಕ್ಕನ ಮೆಸ್ಸಿಗೆ ಕರೆದೊಯ್ದು ಮುದ್ದೆ ಹಾಕಿ ಸಾಕುತ್ತಿದ್ದೆ. ಅದು ಏನನ್ನೂ ಕಲಿತಿರಲಿಲ್ಲ, ಬೆಳೆದಿತ್ತು ಅಷ್ಟೇ. ಆ ದಿನ ರಾಚಪ್ಪ ಹೋದ ಮೇಲೆ ದಾರಿಯಲ್ಲೇ ನಿಂತೆ. ಉಪ್ಪು ಇಡುವುದನ್ನು ಈಗ ನಿಲ್ಲಿಸಿದರೆ ಆ ಬೆಳೆದ ಹಸಿವು ಕುಸ್ತಿಯ ಹೊಸ್ತಿಲಲ್ಲಿ ಅವಳ ಮೇಲೆ ಬೀಳುತ್ತದೆ. ನಿಲ್ಲಿಸದಿದ್ದರೆ ಅವಳು ಎರವಲು ಹೊಟ್ಟೆಯಲ್ಲಿ ಅಖಾಡಕ್ಕೆ ಇಳಿಯುತ್ತಾಳೆ. ಎರಡನ್ನೂ ತೂಗಿ ನೋಡಿದೆ. ಮರುದಿನ ಉಪ್ಪು ಇಟ್ಟೆ.

ಕುಸ್ತಿಯ ದಿನ ಎರಡೂ ಗರಡಿಯ ಜನ ಅಖಾಡದ ಸುತ್ತ ಕಿಕ್ಕಿರಿದಿದ್ದರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಜೇಬಿನ ತುಂಬ ಬೆಲ್ಲ ಕಲಸಿದ ಕಡಲೆಪುರಿ, ಅದಿಲ್ಲದೆ ನಿಲ್ಲುವ ಶಕ್ತಿ ನನಗಿರಲಿಲ್ಲ. ಜಬೀನ ತುಟಿ ಒಣಗಿ, ಕಣ್ಣು ಒಳಗೆ ಹೋಗಿ, ತನ್ನ ಹಸಿವನ್ನು ಹೊತ್ತವಳ ಹಾಗೆ ಬಂದಳು. ಮಣ್ಣು ಹಣೆಗಿಟ್ಟುಕೊಂಡು ದೇವೀರಿಯ ಕೈ ಕುಲುಕಿ, "ಈ ಸಲ ನಿದ್ದೆಗಿದ್ದೆ ಮಾಡ್ಬೇಡ ಕಣೆ ಮಧ್ಯದಲ್ಲಿ," ಎಂದಳು. ಜನ ನಕ್ಕರು. ದೇವೀರಿಯೂ ನಕ್ಕಳು.

ಮೊದಲು ಜಬೀನಳೇ ಮೇಲಾಗಿದ್ದಳು. ಒಮ್ಮೆ ದೇವೀರಿಯ ಸೊಂಟ ಹಿಡಿದು ಮಗುಚಿಯೇ ಬಿಟ್ಟಳು ಎನ್ನುವಷ್ಟರಲ್ಲಿ ದೇವೀರಿ ಹೊಟ್ಟೆಯ ಮೇಲೆ ಬಿದ್ದು ಉಳಿದುಕೊಂಡಳು. ಹೊತ್ತು ಕಳೆದಂತೆ ಜಬೀನಳ ಉಸಿರು ಗೋಡೆಯವರೆಗೂ ಕೇಳತೊಡಗಿತು. ದೇವೀರಿಯದ್ದು ಕೇಳಲಿಲ್ಲ. ಹೋದ ವರ್ಷ ಅವಳು ಸೋತ ಗಳಿಗೆ ಬಂತು, ಹೋಯಿತು. ಅವಳು ಜಬೀನಳ ಕಾಲಿನ ಒಳಗೆ ಕಾಲು ಸೇರಿಸಿ ಭುಜದಿಂದ ತಳ್ಳಿದಳು. ಜಬೀನಳ ಎರಡೂ ಭುಜ ಮಣ್ಣು ಮುಟ್ಟಿದವು. ಉಸ್ತಾದರು ಮುದಿ ದನಿಯಲ್ಲಿ ಕೂಗಿದ್ದು ಗದ್ದಲದಲ್ಲಿ ಮುಳುಗಿತು. ಯಾರೋ ನನ್ನನ್ನು ಅಪ್ಪಿ, "ಎಂ.ಎ. ಊಟ ಕಣ್ರೋ!" ಎಂದು ಕುಣಿದರು. ನಾನು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡೆ.

ನಮ್ಮೂರ ಕುಸ್ತಿ ಗದೆ ಕೊಟ್ಟಾಗ ಮುಗಿಯುವುದಿಲ್ಲ. ಗೆದ್ದವರು ಸೋತವರಿಗೆ ಅಖಾಡದ ಪಕ್ಕದಲ್ಲೇ ಎಲೆ ಹಾಕಿ ಬಡಿಸಬೇಕು. ಸೋತವರು ಎರಡು ತುತ್ತು ಉಂಡು ಸಾಕೆನ್ನುತ್ತಾರೆ, ಅದು ಅವರ ಹಕ್ಕು. ಉಳಿದ ಹಸಿವೆಲ್ಲ ಗೆದ್ದವರ ಹೊಟ್ಟೆಗೆ. ಗೆದ್ದವರು ಹೊಟ್ಟೆ ಹಿಡಿದು ಕೂರುತ್ತಾರೆ, ಜನ ನಗುತ್ತಾರೆ, ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆ ಒಂದು ತಿಂಗಳು ಇದರ ನೆನಪೇ ನನಗೆ ಬರಲಿಲ್ಲ.

ದೇವೀರಿ ಮುದ್ದೆ ಇಟ್ಟು ಸಾರು ಹೊಯ್ದಳು. ಜಬೀನ ಎರಡು ತುತ್ತು ನುಂಗಿ, "ಸಾಕು ಕಣೆ ಗೆದ್ದೋಳೇ," ಎಂದು ಎಲೆ ಸರಿಸಿದಳು.

ದೇವೀರಿಯ ಕೈಯಿಂದ ಸೌಟು ಬಿತ್ತು. ಅವಳು ಮಂಡಿಯೂರಿದಳು. ಜನ ಹೋ ಎಂದು ನಕ್ಕರು. ಅವಳು ಮಾತ್ರ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಯಾವುದೋ ಗುರುತಿಲ್ಲದ ಊರಿನಲ್ಲಿ ಇಳಿದವಳ ಹಾಗೆ ಜಬೀನಳನ್ನು ನೋಡಿದಳು.

"ಇಳ್ಸಿದ್ ಮೈಗೆ ಹಸಿವು ಹಿಂಗಿರುತ್ತಾ?" ಎಂದಳು.

"ಅಯ್ಯೋ, ಏನೇ ಹಂಗ್ ಕೇಳ್ತೀಯಾ," ಎಂದಳು ಜಬೀನ. "ನೀನೂ ನನ್ ಥರಾನೇ ಇಳ್ಸಿದೀಯಲ್ಲ. ನಿಂಗೂ ಇಷ್ಟೇ ಇದ್ದಿದ್ದು ತಾನೆ?"

ದೇವೀರಿ ತಲೆಯೆತ್ತಿ ಗುಂಪಿನಲ್ಲಿ ಹುಡುಕಿದಳು. ಅವಳ ಕಣ್ಣು ನನ್ನ ಮೇಲೆ ಬಂದು ನಿಂತಾಗ ನನ್ನ ಬಾಯಿ ಆಡುತ್ತಿತ್ತು. ನಿಲ್ಲಿಸಿದೆ. ಬಾಯಿಯಲ್ಲಿದ್ದುದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವಳು ನನ್ನ ಟವೆಲಿನ ಕೆಳಗಿನ ಹೊಟ್ಟೆಯನ್ನು ನೋಡಿದಳು. ತಟ್ಟೆಯ ಅಂಚಿನ ಒಂದೊಂದು ಚಿಟಿಕೆಯೂ ಅವಳಿಗೆ ನೆನಪಾಗುತ್ತಿರುವುದು ಅಷ್ಟು ದೂರದಿಂದಲೂ ನನಗೆ ಕಂಡಿತು.

ಜೊತೆಯೂಟಕ್ಕೆ ಅವಳು ಕೂರಲಿಲ್ಲ. ಮೈ ಸರಿಯಿಲ್ಲ ಎಂದಳು. ಗದೆಯನ್ನು ಭುಜಕ್ಕಿಟ್ಟುಕೊಂಡು ನಡೆದಳು, ನಾನು ಹಿಂದೆ. ದಾರಿಯುದ್ದಕ್ಕೂ ಜನ ಜಗಲಿಯಿಂದ ಎದ್ದು ಕೂಗಿದರು. ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಮುಂದಕ್ಕೆ ತಳ್ಳಿ, "ನಾಳೆಯಿಂದ ಇವ್ಳನ್ನೂ ಕಳಿಸ್ಲಾ ದೇವೀರಿ?" ಎಂದಳು. ದೇವೀರಿ ಆ ಹುಡುಗಿಯ ತಲೆ ಸವರಿ ಮುಂದೆ ಹೋದಳು. ಒಂದು ಮಾತೂ ಆಡಲಿಲ್ಲ. ಮೌನವನ್ನು ಪ್ರೀತಿಸುತ್ತೇನೆಂದುಕೊಂಡಿದ್ದವನು ನಾನು. ಆ ದಾರಿಯಲ್ಲಿ ಅವಳು ನನ್ನನ್ನು ಬೈದಿದ್ದರೆ ಸಾಕಿತ್ತು.

ಮನೆಗೆ ಬಂದವಳು ಗದೆಯನ್ನು ಮೂಲೆಗಿಟ್ಟು ಒಲೆ ಹಚ್ಚಿದಳು. ಎಸರಿಟ್ಟು, ಹಿಟ್ಟು ಹಾಕಿ, ಕೋಲಿನಿಂದ ತೊಳಸಿದಳು. ಮನೆಯಲ್ಲಿ ಎಷ್ಟೋ ದಿನದ ಮೇಲೆ ರಾಗಿಯ ವಾಸನೆ ಎದ್ದಿತು. ನನ್ನ ಹಸಿವು, ಅಂದರೆ ಅವಳದ್ದು, ನನ್ನೊಳಗೆ ಎದ್ದು ಕೂತಿತು. ಅವಳು ನನ್ನ ತಟ್ಟೆ ಹಾಕಿ ಒಂದು ಮುದ್ದೆ ಇಟ್ಟಳು.

"ಕೂತ್ಕೊ."

ಕೂತೆ. ಒಂದು ತುತ್ತು ಮುರಿದು ನುಂಗಿದೆ. ಎರಡನೆಯ ತುತ್ತಿಗೆ ಕೈ ಹಾಕಿದಾಗ ಅವಳು ತಟ್ಟೆಯನ್ನು ಎಳೆದುಕೊಂಡಳು. ನಮ್ಮೂರಲ್ಲಿ ಉಣ್ಣುವವನ ಮುಂದಿನ ತಟ್ಟೆಯನ್ನು ಎಳೆದವರನ್ನು ನಾನು ಕಂಡಿಲ್ಲ.

"ಸಾಕು. ಏಳು."

"ದೇವೀ..."

"ನಂದು ನಂಗ್ ಕೊಡು ಅಂದೆ."

ಎದ್ದೆ. ಎದ್ದ ಕೂಡಲೇ ನನ್ನ ಹೊಟ್ಟೆ ಖಾಲಿ ಮನೆಯಂತೆ ನಿಶ್ಶಬ್ದವಾಯಿತು. ಅವಳು ಗೋಡೆಗೆ ಕೈ ಕೊಟ್ಟು ಬಗ್ಗಿದಳು. ಜಬೀನಳದ್ದು ಒಂದು, ತನ್ನದು ಒಂದು, ಎರಡೂ ಅವಳೊಳಗೆ. ನಾನು ಹಿಡಿಯಲು ಹೋದೆ.

"ಮುಟ್ಬೇಡ." ಸ್ವಲ್ಪ ಹೊತ್ತು ಬಾಯಿಂದ ಉಸಿರಾಡಿದಳು. ಆಮೇಲೆ ನಿಧಾನವಾಗಿ ನೇರ ನಿಂತಳು. "ಇಷ್ಟು ದೊಡ್ಡದು ಮಾಡಿಟ್ಟಿದೀಯಲ್ಲೋ ಇದನ್ನ. ನನ್ ಹತ್ರ ಇದ್ದಿದ್ರೆ ಇಷ್ಟೊತ್ತಿಗೆ ಮಲಗಿರ್ತಿತ್ತು."

"ನೀನು ನರಳೋದು ನೋಡಕ್ಕಾಗ್ಲಿಲ್ಲ."

"ಸುಳ್ಳು ಹೇಳ್ಬೇಡ. ನನ್ ಕೈಲಾಗಲ್ಲ ಅಂದ್ಕೊಂಡೆ. ಇಲ್ಲಾಂದ್ರೆ ನಿನ್ ಮಾತು ಸುಳ್ಳಾಗ್ಬಿಡುತ್ತೆ ಅಂತ ಹೆದರ್ಕೊಂಡೆ. ಯಾವ್ದು?"

ಎರಡೂ ನಿಜವಾಗಿದ್ದವು. ಎರಡನೆಯದು ಹೆಚ್ಚು ನಿಜವಾಗಿತ್ತು.

"ನಿಜವಾಗ್ಲೂ ಗೆಲ್ತಿದ್ನೇನೋ ಅಣ್ಣ," ಎಂದಳು. "ಅದೇ ಗೊತ್ತಾಗ್ದಂಗ್ ಮಾಡ್ಬಿಟ್ಟೆ."

ಹೊರಗೆ ಯಾರೋ ಅವಳ ಹೆಸರು ಕೂಗಿ ಪಟಾಕಿ ಹಚ್ಚಿದರು.

"ನಾಳೆ ಬೆಳಿಗ್ಗೆ ಉಸ್ತಾದ್ರ ಹತ್ರ ಹೋಗ್ಬೇಕು. ಜಬೀನನ್ನೂ ಕರೆಸ್ಬೇಕು," ಎಂದಳು. "ಗದೆ ನಾನ್ ಹೊತ್ಕೋತೀನಿ. ಮಾತಾಡೋದು ನೀನು."

"ಹುಡ್ಗೀರ ಸಾಮು?"

"ಅದನ್ನ ನೀನ್ ಕೇಳ್ಬೇಡ."

ಅವಳು ನನಗೆ ಹಾಕಿದ್ದ ಮುದ್ದೆಯನ್ನು ಪಾತ್ರೆಗೆ ಹಾಕಿ ಮುಚ್ಚಿದಳು. ಬೆಳಗ್ಗೆ ನಾನು ಮಾಡಿಟ್ಟಿದ್ದ ದಂಟಿನ ಸೊಪ್ಪು, ಎರಡು ಬೇಯಿಸಿದ ಮೊಟ್ಟೆ ಒಲೆಯ ಬಳಿ ಹಾಗೇ ಇದ್ದವು. ತನ್ನ ತಟ್ಟೆ ತೊಳೆದು ತಂದು ನೆಲದ ಮೇಲಿಟ್ಟುಕೊಂಡು ಕೂತಳು. ರಾಗಿಯ ವಾಸನೆ ಮನೆ ತುಂಬ ಇತ್ತು. ಅವಳ ಕೆನ್ನೆಯ ಮೇಲೆ ಅಖಾಡದ ಕೆಮ್ಮಣ್ಣು ಒಣಗಿ ಇನ್ನೂ ಅಂಟಿಕೊಂಡಿತ್ತು. ತಟ್ಟೆ ಖಾಲಿಯಿತ್ತು. ಅದನ್ನು ನೋಡಿ, ನನಗೆ ಗೊತ್ತಿಲ್ಲದೆಯೇ, ನನ್ನ ಕೈ ಉಪ್ಪಿನ ಮರಿಗೆಯ ಕಡೆಗೆ ಹೋಗಿತ್ತು.

ಅವಳು ತಲೆಯೆತ್ತದೆ ಹೇಳಿದಳು:

"ಕೈ ತೆಗಿ ಅಣ್ಣ. ಉಪ್ಪು ನಾನೇ ಹಾಕ್ಕೋತೀನಿ."